ಎದುರಿನವರ ಮಾತು

ನಮ್ಮೂರಲ್ಲಿ ಜಗಳ ಬಂದಾಗ ತನ್ನ ಪರವಾಗಿ ತಾನೇ ಮಾತಾಡಲು ಹೋದರೆ ಗಂಟಲಿನಿಂದ ಧ್ವನಿ ಹೊರಡುವುದಿಲ್ಲ. ಬಾಯಿ ಆಡುತ್ತದೆ, ಕೈ ಆಡುತ್ತದೆ, ಕತ್ತಿನ ನರ ಉಬ್ಬುತ್ತದೆ, ಮಾತು ಮಾತ್ರ ಇಲ್ಲ. ಎದುರಿನವರ ಪರವಾಗಿ ಎಷ್ಟು ಬೇಕಾದರೂ ಮಾತಾಡಬಹುದು. ಊರು ಕಟ್ಟಿದ ಹಿರಿಯರು ಇದನ್ನು ಬರೀ ಕಟ್ಟಳೆಯಾಗಿ ಶುರು ಮಾಡಿದರಂತೆ. ಜಾತಿ ಬಿಟ್ಟು ಮದುವೆಯಾಗಿ ಹೊರಬಿದ್ದವರು, ತಲೆ ಬೋಳಿಸಿಕೊಳ್ಳಲು ಒಪ್ಪದ ವಿಧವೆಯರು, ಊರಬಾವಿಗೆ ಕೊಡ ಇಳಿಸಿ ಒದೆ ತಿಂದವರು, ಹೀಗೆ ಹತ್ತು ಕಡೆಯಿಂದ ಬಂದ ಜನ ಅವರು. ‘ನಮ್ಮೋರು’, ‘ನಮ್ಮ ಕಡೆಯೋರು’ ಎಂಬ ಮಾತು ಕೇಳಿ ಕೇಳಿ ಸಾಕಾಗಿತ್ತು. ತಗಾದೆ ಬಂದರೆ ಇಬ್ಬರೂ ಕಟ್ಟೆಯ ಮೇಲೆ ಕೂತು ಒಬ್ಬರ ಮಾತನ್ನು ಇನ್ನೊಬ್ಬರು ಆಡಬೇಕು ಎಂದು ನಿಯಮ ಮಾಡಿಕೊಂಡರು. ನಮ್ಮ ಅಪ್ಪ ಅವ್ವನ ಕಾಲಕ್ಕೆ ಗಂಟಲೇ ಅದನ್ನು ಕಲಿತುಬಿಟ್ಟಿತ್ತು.

ಅದೇ ಹಿರಿಯರು ಮಕ್ಕಳಿಗೆ ದೇವರ ಹೆಸರಿಡಲಿಲ್ಲ, ಮನೆತನದ ಹೆಸರನ್ನೂ ಅಂಟಿಸಲಿಲ್ಲ. ಮರದ ಹೆಸರಿಟ್ಟರೆ ಯಾರೂ ಜಾತಿ ಹುಡುಕಲಾರರು ಎಂದು ಲೆಕ್ಕ ಹಾಕಿದರು. ನಾನು ಹೊನ್ನೆ. ನನ್ನ ಅಕ್ಕ ತಾರೆ. ಎದುರುಮನೆಯ ಗಂಡಸು ನನ್ನ ಭುಜದವರೆಗೂ ಬರುವುದಿಲ್ಲ, ಅವನ ಹೆಸರು ತೇಗ. ನಮ್ಮಲ್ಲಿ ಗಂಡಸರೂ ಸರದಿಯ ಮೇಲೆ ಅಡುಗೆ ಮಾಡುತ್ತಾರೆ. ಮದುವೆಗೆ ಮುಹೂರ್ತವಿಲ್ಲ, ವರದಕ್ಷಿಣೆ ಎಂಬ ಪದ ನಮ್ಮ ಮಕ್ಕಳಿಗೆ ಗೊತ್ತಿಲ್ಲ. ಇದೆಲ್ಲ ಚೆನ್ನಾಗಿಯೇ ಇದೆ. ದೂರುವ ಮನಸ್ಸು ನನಗಿಲ್ಲ, ಇದ್ದಿದ್ದರೂ ಧ್ವನಿ ಬರುತ್ತಿರಲಿಲ್ಲ ಬಿಡಿ.

ನಮ್ಮ ಸಂತೆಗೆ ಮೊದಲ ಸಲ ಬಂದವರು ತಬ್ಬಿಬ್ಬಾಗುತ್ತಾರೆ. ಬದನೆಕಾಯಿ ಕೊಳ್ಳುವವಳು, “ನಿಂಗೂ ಗಿಟ್ಟಬೇಕಲ್ಲ ಕಣಪ್ಪ, ಇನ್ನೂ ಸ್ವಲ್ಪ ಜಾಸ್ತಿ ಹೇಳು” ಎನ್ನುತ್ತಾಳೆ. ಮಾರುವವನು, “ಮನೇಲಿ ಮಕ್ಕಳು ಮರಿ ಅವ್ರೆ, ನೀನೆಲ್ಲಿಂದ ತತ್ತೀಯವ್ವ, ಇಷ್ಟು ಕೊಡು ಸಾಕು” ಎನ್ನುತ್ತಾನೆ. ಹುಡುಗರು ಗೋಲಿ ಆಡುವಾಗ, “ಲೇ, ಗೆದ್ದಿದ್ದು ನೀನೇ ಕಣೋ” ಎಂದು ಕಚ್ಚಾಡುತ್ತಾರೆ. ಹೊರಗಿನ ಬಸ್ಸಿನ ಕಂಡಕ್ಟರುಗಳಿಗೆ ನಮ್ಮೂರೆಂದರೆ ಹಬ್ಬ. ಚಿಲ್ಲರೆ ಕೊಡದೆ ಹೋದರೂ ನಾವೇ ಅವರಿಗೆ ಸಮಾಧಾನ ಹೇಳಿ ಇಳಿಯುತ್ತೇವೆ.

ಕಟ್ಟೆ ಸೇರುವುದು ಮಂಗಳವಾರ ಸಂಜೆ. ಅಲ್ಲಿ ತೀರ್ಪು ಕೊಡುವವರು ಯಾರೂ ಇಲ್ಲ. ಇಬ್ಬರೂ ಮಾತಾಡಿ ಮುಗಿಸಿದ ಮೇಲೆ ಹುಣಸಜ್ಜಿ, ಹೆಸರಿಗೆ ತಕ್ಕ ಹುಳಿ ಮುಖದ ಮುದುಕಿ, ಒಬ್ಬೊಬ್ಬರನ್ನಾಗಿ ಕೇಳುತ್ತಾಳೆ: “ಇನ್ನೂ ಬೇಕಾ?” ಅದಕ್ಕೆ ‘ಬೇಕು’ ಅನ್ನಬಹುದು, ‘ಬಿಟ್ಟೆ’ ಅನ್ನಬಹುದು. ತಗಾದೆ ಏನೆಂದು ಹೇಳಿಯಾದ ಮೇಲೆ ತನಗಾಗಿ ಆಡಲು ಗಂಟಲು ಬಿಡುವುದು ಈ ಎರಡೇ ಮಾತು. ಇಬ್ಬರೂ ಬೇಕು ಅಂದರೆ ಮುಂದಿನ ಮಂಗಳವಾರ ಮತ್ತೆ ಬರಬೇಕು, ಮತ್ತೆ ಒಬ್ಬರ ಮಾತು ಇನ್ನೊಬ್ಬರು ಆಡಬೇಕು.

ಹಿರಿಯರು ಒಂದು ವಿಷಯ ಯೋಚಿಸಿರಲಿಲ್ಲ. ಎದುರಿನವರ ಕಷ್ಟವನ್ನು ಚೆನ್ನಾಗಿ ಹೇಳಬಲ್ಲವನಿಗೆ ಕೊನೆಯಲ್ಲಿ ‘ಬೇಕು’ ಎನ್ನಲು ಬಾಯಿ ಬರುವುದಿಲ್ಲ. ತನ್ನ ಬಾಯಿಂದಲೇ ಅಷ್ಟೆಲ್ಲ ಆಡಿದ ಮೇಲೆ ಹೇಗೆ ಬೇಕು ಅನ್ನುವುದು? ಎದುರಿನವರ ಮಾತನ್ನು ತೊದಲಿ ತೊದಲಿ ಅರ್ಧಕ್ಕೆ ನಿಲ್ಲಿಸುವವನು ಮಾತ್ರ ಆರಾಮವಾಗಿ ‘ಬೇಕು’ ಎನ್ನುತ್ತಾನೆ. ಹೀಗಾಗಿ ನಮ್ಮೂರಲ್ಲಿ ಒಳ್ಳೆಯ ಹೊಲ, ಗಾಳಿ ಬರುವ ಮನೆ, ಸಂತೆಯ ಮೂಲೆ ಅಂಗಡಿ ಎಲ್ಲ ಇರುವುದು ಮಾತು ಬಾರದವರ ಹತ್ತಿರ.

ನಾನು ಊರಿಗೇ ಒಳ್ಳೆಯ ಮಾತುಗಾತಿ. ಶಾಲೆಯಲ್ಲಿದ್ದಾಗಲೇ ಮೇಷ್ಟ್ರು ನನ್ನನ್ನು ನಿಲ್ಲಿಸಿ, “ಹೊನ್ನೆ ಹೆಂಗೆ ಎದುರಿನೋರ ಒಳಗೆ ಹೋಗಿ ಕೂತ್ಕತಾಳೆ ನೋಡ್ರೋ” ಎಂದು ಹೊಗಳುತ್ತಿದ್ದರು. ಹೊಗಳಿಕೆ ಸಿಕ್ಕಿತು, ಉಳಿದದ್ದೆಲ್ಲ ಹೋಯಿತು. ಸೈಕಲ್ಲು ಹೋಯಿತು. ಅವ್ವನ ಬೆಳ್ಳಿ ಡಾಬು ದೊಡ್ಡಪ್ಪನ ಮಗಳಿಗೆ ಹೋಯಿತು. ನನ್ನ ಹಿಟ್ಟಿನ ಗಿರಣಿಯ ಮುಂದಿನ ಕೋಣೆ ಚಹಾದಂಗಡಿಯ ಜಾಲಿಗೆ ಹೋಯಿತು. ನಾನು ಮದುವೆಯಾಗಬೇಕೆಂದಿದ್ದ ಹುಡುಗನನ್ನೂ ಇನ್ನೊಬ್ಬಳು ಇಷ್ಟಪಟ್ಟಿದ್ದಳು. ಕಟ್ಟೆಯ ಮೇಲೆ ಅವಳ ಪ್ರೀತಿಯನ್ನು ನಾನು ಎಷ್ಟು ಸೊಗಸಾಗಿ ಹೇಳಿದೆನೆಂದರೆ, ಆ ಹುಡುಗ ಅಲ್ಲೇ ಎದ್ದುಹೋಗಿ ಅವಳ ಪಕ್ಕ ಕೂತ. ‘ಜಗಳ ಆಡೋದಾದ್ರೆ ಹೊನ್ನೆ ಹತ್ರ ಆಡ್ಬೇಕು’ ಎನ್ನುವುದು ಊರಲ್ಲಿ ರೂಢಿಯ ಮಾತಾಯಿತು. ನಿನಗೇನು ಬೇಕು ಎಂದು ಯಾರಾದರೂ ಕೇಳಿದರೆ, ಕೇಳಿದವರಿಗೆ ಏನು ಬೇಕೋ ಅದನ್ನೇ ನಾನು ಹೇಳುತ್ತಿದ್ದೆ. ಸುಳ್ಳು ಹೇಳುತ್ತಿರಲಿಲ್ಲ. ಹುಡುಕಿದರೆ ನನಗೆ ಸಿಗುತ್ತಿದ್ದದ್ದೇ ಅದು.

ಅಂಥವಳಿಗೆ ಉಳಿದಿದ್ದದ್ದು ಸೀಗೆ ಒಬ್ಬಳು. ಅವಳು ಅಕ್ಕನ ಮಗಳು. ಅಕ್ಕ ಜ್ವರ ಬಂದು ಸತ್ತಾಗ ಮಗುವಿಗೆ ಇನ್ನೂ ನಡಿಗೆ ಗಟ್ಟಿಯಾಗಿರಲಿಲ್ಲ. ಬಾವ ಬೇಲ ಮಗುವನ್ನು ನನ್ನ ಮಡಿಲಲ್ಲಿ ಹಾಕಿ, ಘಟ್ಟದ ಕೆಳಗಿನ ಪೇಟೆಗೆ ಲಾರಿ ರಿಪೇರಿ ಕೆಲಸಕ್ಕೆ ಹೋದವನು ಇತ್ತ ತಿರುಗಲಿಲ್ಲ. ಸೀಗೆ ನನ್ನ ಗಿರಣಿಯಲ್ಲೇ ಬೆಳೆದಳು. ತಲೆ, ರೆಪ್ಪೆ ಎಲ್ಲ ಹಿಟ್ಟು ಹಿಟ್ಟಾಗಿ ಮುದುಕಿಯ ಹಾಗೆ ಕಾಣುತ್ತಿದ್ದಳು. ಅವಳಿಗಾಗಿ ಯಾರೂ ನನ್ನ ಹತ್ತಿರ ಜಗಳಕ್ಕೆ ಬಂದಿರಲಿಲ್ಲ. ಅದಕ್ಕೇ ಅವಳು ನನ್ನ ಹತ್ತಿರ ಉಳಿದಿದ್ದಳು.

ಗಿರಣಿಯ ಬಗ್ಗೆ ಒಂದು ಮಾತು ಹೇಳಬೇಕು. ಊರ ಜನ ನನ್ನಲ್ಲಿಗೆ ಹಿಟ್ಟಿಗಾಗಿ ಮಾತ್ರ ಬರುವುದಿಲ್ಲ. ಮಿಷನ್ನು ಓಡುವಾಗ ಗೋಡೆಯ ಕಡೆ ತಿರುಗಿ, ತಮ್ಮ ಮನಸ್ಸಿನದನ್ನೆಲ್ಲ ಬಾಯಾಡಿಸುತ್ತಾರೆ. ಹೇಗೂ ಧ್ವನಿ ಬರುವುದಿಲ್ಲ. ಮಿಷನ್ನಿನ ಗದ್ದಲದಲ್ಲಿ ಮಾತು ಮುಳುಗಿಹೋಯಿತು ಎಂದಾದರೂ ಅಂದುಕೊಳ್ಳಬಹುದಲ್ಲ. ಸೇರು ರಾಗಿಯನ್ನು ಎರಡೆರಡು ಸಲ ಬೀಸಿಸಿಕೊಂಡು ಹೋದವರಿದ್ದಾರೆ. ತುಟಿ ನೋಡಿ ನೋಡಿ ನನಗೆ ಓದಲು ಬಂದುಬಿಟ್ಟಿತ್ತು. ಯಾರಿಗೂ ಹೇಳಿಲ್ಲ.

ಸೀಗೆ ಎರಡನೇ ಕ್ಲಾಸಿನಲ್ಲಿದ್ದಾಗ, ಅವರೆ ಹೂಬಿಡುವ ಕಾಲದಲ್ಲಿ ಬೇಲ ಬಂದ. ಬಸ್ಸಿಳಿದು ನೇರ ಗಿರಣಿಯ ಮುಂದೆ ನಿಂತು, “ಅವ್ಳು ನನ್ನ ಮಗಳು, ಕರ್ಕೊಂಡೋಗ್ತೀನಿ. ಅದು ನನ್ನ ಹಕ್ಕು!” ಎಂದು ಕೂಗಿದ. ಬೀದಿಯ ಜನ ಬಾಗಿಲಿಗೆ ಓಡಿಬಂದರು. ಅವನು ಹೇಳಿದ್ದು ಕೇಳಲು ಅಲ್ಲ, ಹೇಳಲು ಆಗಿದ್ದು ಹೇಗೆ ಎಂದು ನೋಡಲು. ಹೊರಗಿನ ನೀರು ಕುಡಿದು ಅವನ ಗಂಟಲು ಬಿಟ್ಟುಕೊಂಡಿತ್ತು. ತೇಗ ಹತ್ತಿರ ಬಂದು, “ಇನ್ನೊಂದ್ಸಲ ಅನ್ನು ಬೇಲಣ್ಣ, ನಮ್ಮ ಹುಡುಗ್ರು ಕೇಳ್ಕಳ್ಳಿ” ಎಂದ. ಬೇಲ ಮತ್ತೂ ಒಂದು ಸಲ ಅಂದ. ನಾನು ಹಿಟ್ಟಿನ ಕೈಯಲ್ಲೇ ನಿಂತಿದ್ದೆ. ಬಾಯಿ ತೆರೆದೆ. “ಹೆತ್ತ ಅಪ್ಪನಿಗೆ ಇರೋ ಸಂಕಟ ಇನ್ಯಾರಿಗೈತೆ, ಬಾವ” ಎಂಬ ಮಾತು ಬಂತು. ನನಗೆ ಅಳು ಬಂದುಬಿಟ್ಟಿತು.

ಆ ಮಂಗಳವಾರ ಕಟ್ಟೆಗೆ ಹೋಗುವಾಗ ನಾನು ಮೊದಲ ಬಾರಿಗೆ ಒಂದು ಕೆಟ್ಟ ಯೋಚನೆ ಮಾಡಿದ್ದೆ. ಬೇಲನ ಪರವಾಗಿ ಕಳಪೆಯಾಗಿ ಮಾತಾಡಬೇಕು, ಒಂದೆರಡು ಮಾತಾಡಿ ಕೆಮ್ಮಿ ಸುಮ್ಮನಾಗಬೇಕು. ದಾರಿಯುದ್ದಕ್ಕೂ ಕೆಮ್ಮುವುದನ್ನು ಅಭ್ಯಾಸ ಮಾಡಿಕೊಂಡೆ. ಆದರೆ ಕೂತು “ನಾನು ಬೇಲ” ಎಂದು ಶುರು ಮಾಡಿದ್ದೇ ತಡ, ನಾಲಿಗೆ ನನ್ನ ಕೈಮೀರಿ ಹೋಯಿತು. “ನಾನು ಬೇಲ. ತಾರೆ ಹೋದ ಮೇಲೆ ಈ ಮಗು ಅತ್ತಾಗೆಲ್ಲ ಅವಳ ಥರಾನೇ ಮೂಗೆಳೀತಿತ್ತು. ಅದು ಕೇಳೋಕಾಗ್ದೆ ಊರು ಬಿಟ್ಟೆ. ಲಾರಿ ಅಡಿ ಮಲಗಿ ನಟ್ಟು ತಿರುವುವಾಗ, ಈಗ ಹಲ್ಲು ಬಂದಿರ್ತಾವೆ, ಈಗ ಶಾಲೆಗೆ ಸೇರಿಸಿರ್ತಾರೆ ಅಂತ ಒಬ್ನೇ ಅಂದ್ಕಳ್ತಿದ್ದೆ. ನೋಡೋಕೆ ಬರೋಕೆ ಮುಖ ಇರ್ಲಿಲ್ಲ. ಮುಖ ಇಲ್ಲ ಅಂತ ಇನ್ನೂ ಎಷ್ಟು ವರ್ಷ ದೂರ ಇರ್ಲಿ?” ಹೇಳುತ್ತಾ ಹೋದೆ. ಬೇಲ ಟವೆಲಿನಲ್ಲಿ ಮುಖ ಮುಚ್ಚಿಕೊಂಡ. ಅವನು ತನಗೆ ತಾನೂ ಹೇಳಿಕೊಂಡಿರದ ಮಾತುಗಳು ಅವು ಎಂದು ಎಲ್ಲರಿಗೂ ಗೊತ್ತಾಯಿತು.

ಆಮೇಲೆ ಅವನ ಸರದಿ. “ನಾನು ಹೊನ್ನೆ. ಮಗು ಸಾಕಿದೀನಿ. ಚೆನ್ನಾಗೇ ಸಾಕಿದೀನಿ. ಅಷ್ಟೇಯ” ಎಂದು ಎದ್ದ. ನನ್ನ ಇಷ್ಟು ವರ್ಷದ ಬಾಳು ಅಷ್ಟರಲ್ಲಿ ಮುಗಿದುಹೋಯಿತು.

ಯಾರ ವಿಷಯದಲ್ಲಿ ತಗಾದೆಯೋ ಅವರೂ ಮಾತಾಡಬಹುದು ಎಂಬುದು ಕಟ್ಟೆಯ ರೂಢಿ. ಸೀಗೆ ಎದ್ದು ನಿಂತಳು. ಲಂಗದ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಶುರು ಮಾಡಿದಳು: “ನಾನು ಅಪ್ಪನ ಜೊತೆ ಹೋಗ್ಬೇಕು. ಅಲ್ಲಿ ಲಾರಿ ಅದಾವಂತೆ. ಅಪ್ಪಂಗೆ ಸಾರು ಮಾಡೋಕೆ ಬರಲ್ಲ, ನಾನು ಮಾಡ್ಕೊಡ್ತೀನಿ. ಅಪ್ಪ ಒಬ್ರೇ ಇರ್ತಾರೆ, ಪಾಪ. ಅಪ್ಪನ ಅಂಗಿ ಎಣ್ಣೆ ವಾಸ್ನೆ ನಂಗಿಷ್ಟ...” ಅವಳು ಆಡಿದಷ್ಟೂ ಕಟ್ಟೆಯ ಜನ ಒಬ್ಬೊಬ್ಬರಾಗಿ ತಲೆ ತಗ್ಗಿಸಿದರು. ಇದರ ಅರ್ಥ ನಮ್ಮೂರಿನ ನಾಯಿಮರಿಗೂ ಗೊತ್ತು. ಈ ಊರಲ್ಲಿ ಹುಟ್ಟಿ ಬೆಳೆದ ಮಗುವಿನ ಗಂಟಲು ತನಗೆ ಬೇಕಾದವರ ಪರವಾಗಿ ಏಳುವುದಿಲ್ಲ. ಅವಳಿಗೆ ಬೇಕಾಗಿದ್ದವಳು ನಾನು.

ಬೇಲನಿಗೆ ಮಾತ್ರ ಗೊತ್ತಾಗಲಿಲ್ಲ. ಹೊರಗಿನ ಕಿವಿ ಇಟ್ಟುಕೊಂಡು ಬಂದಿದ್ದ. ಟವೆಲು ತೆಗೆದು, ಕಣ್ಣು ತುಂಬಿಕೊಂಡು, “ನೋಡ್ದಾ ಹೊನ್ನೆ? ರಕ್ತ ಅನ್ನೋದು ಸುಮ್ನೆ ಬಿಡಲ್ಲ” ಎಂದ. ಅವನ ಮುಖ ಅಷ್ಟು ಹಿಗ್ಗಿದ್ದನ್ನು ಅಕ್ಕನ ಮದುವೆಯಲ್ಲಿ ಬಿಟ್ಟರೆ ನಾನು ನೋಡಿರಲಿಲ್ಲ. ಅವನಿಗೆ ನಿಜ ಹೇಳಲು ಬಾಯಿ ತೆರೆದೆ. ಅದು ನನ್ನ ಪರವಾದ ಮಾತಲ್ಲವೇ, ಗಾಳಿ ಮಾತ್ರ ಬಂತು. ಉಳಿದವರು ಹೇಳಬಹುದಿತ್ತು. ಆದರೆ ಮಗುವಿನ ಮನಸ್ಸನ್ನು ಬಿಡಿಸಿ ಹೇಳುವುದು ನಮ್ಮಲ್ಲಿ ಮೈಮೇಲಿನ ಬಟ್ಟೆ ಎಳೆದ ಹಾಗೆ, ಯಾರೂ ಮಾಡುವುದಿಲ್ಲ.

ಹುಣಸಜ್ಜಿ ಬೇಲನನ್ನು ಕೇಳಿದಳು. “ಬೇಕು” ಎಂದ. ನನ್ನನ್ನು ಕೇಳಿದಳು. ಕೇಳುವ ಮೊದಲೇ ನನ್ನ ಉತ್ತರ ಗೊತ್ತಿದ್ದವಳ ಹಾಗೆ ಎಲೆ ಅಡಿಕೆ ಚೀಲ ಬಿಚ್ಚುತ್ತಿದ್ದಳು. ನನಗೂ ಗೊತ್ತಿತ್ತು. ನಾನೇ ಬೇಲನಾಗಿ ಅಷ್ಟೆಲ್ಲ ಆಡಿದ ಮೇಲೆ ಅವನಿಗೆ ಮಗು ಸಿಗಬೇಕಾದದ್ದೇ ಎಂದು ನನಗೇ ಅನಿಸುತ್ತಿತ್ತು. ‘ಬಿಟ್ಟೆ’ ಎನ್ನಲು ತುಟಿ ಕೂಡಿಸಿದೆ. ಸೀಗೆ ಇನ್ನೂ ಲಂಗದ ತುದಿ ಬಿಟ್ಟಿರಲಿಲ್ಲ.

“ಬೇಕು” ಎಂದೆ.

ಹುಣಸಜ್ಜಿ ಚೀಲ ಕೆಳಗಿಟ್ಟಳು. “ಏನಂದೆ?” “ಬೇಕು ಅಜ್ಜಿ.” ಹಿಂದಿನ ಸಾಲಿನಲ್ಲಿ ಯಾರೋ, “ಹೊನ್ನೇನಾ ಅಂದಿದ್ದು?” ಎಂದು ಪಕ್ಕದವರನ್ನು ಕೇಳಿದರು.

ಹೀಗೆ ಬೇಲ ಊರಲ್ಲಿ ನಿಲ್ಲಬೇಕಾಯಿತು. ಶಾಲೆಯ ಹಿಂದಿನ ಖಾಲಿ ಕೋಣೆಯಲ್ಲಿ ಮಲಗುತ್ತಿದ್ದ. ಪ್ರತಿ ಮಂಗಳವಾರ ಅವನಾಗಿ ನಾನು ಮಾತಾಡುತ್ತಿದ್ದೆ, ನಾನಾಗಿ ಅವನು ತೊದಲುತ್ತಿದ್ದ, ಇಬ್ಬರೂ ಬೇಕು ಎಂದು ಮನೆಗೆ ಹೋಗುತ್ತಿದ್ದೆವು. ಉಳಿದ ದಿನ ಅವನಿಗೆ ಕೆಲಸವಿರಲಿಲ್ಲ. ಸೀಗೆಯನ್ನು ಶಾಲೆಗೆ ಬಿಡುವುದು, ಹಳೇ ಬೇರಿಂಗಿನಿಂದ ಅವಳಿಗೊಂದು ತಳ್ಳುಗಾಡಿ ಮಾಡಿಕೊಡುವುದು, ನನ್ನ ಗಿರಣಿಯ ಬೆಲ್ಟು ಜಾರಿದರೆ ಬಂದು ಕೂರಿಸುವುದು, ಇಷ್ಟೇ. ಬೆಲ್ಟು ಕೂರಿಸುವಾಗ ನಾವು ತಗಾದೆಯ ಮಾತೆತ್ತುತ್ತಿರಲಿಲ್ಲ. ಹೊರಗಿನಿಂದ ಬಂದ ಬಳೆಗಾರ್ತಿಯೊಬ್ಬಳು ಇದನ್ನು ನೋಡಿ, ಅಕ್ಕ ಸತ್ತ ಮೇಲೆ ಬಾವನನ್ನು ಕಟ್ಟಿಕೊಂಡರೆ ಆಯಿತಲ್ಲ ಎಂದಳು. ಅವಳ ಊರಲ್ಲಿ ಹಾಗಂತೆ. ನಾನು ಬಳೆ ಕೊಳ್ಳಲಿಲ್ಲ.

ಒಂದು ದಿನ ಮಿಷನ್ನು ಓಡುತ್ತಿದ್ದಾಗ ಸೀಗೆ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದಳು. ತುಟಿ ಆಡುತ್ತಿತ್ತು. ಪಕ್ಕಕ್ಕೆ ಒಂದು ಹೆಜ್ಜೆ ಇಟ್ಟಿದ್ದರೆ ಓದಬಹುದಿತ್ತು. ಊರಿನವರದ್ದೆಲ್ಲ ಓದಿದವಳು ನಾನು. ಅವಳದನ್ನು ಓದಲು ಭಯವಾಗಿ ಜರಡಿ ಹಿಡಿಯುವ ನೆಪದಲ್ಲಿ ಆಚೆ ತಿರುಗಿದೆ.

ಅವರೆ ಬಿಡಿಸುವ ಹೊತ್ತಿಗೆ ಬೇಲನಿಗೆ ಆಗಬೇಕಾದದ್ದು ಆಯಿತು. ಜಾಲಿಯ ಅಂಗಡಿಯಲ್ಲಿ ತಣ್ಣಗಿನ ಚಹಾ ಕೊಟ್ಟರೆಂದು ರೇಗಲು ಹೋದನಂತೆ. ಬಾಯಿ ತೆರೆದರೆ ಧ್ವನಿಯಿಲ್ಲ. ಇನ್ನೊಮ್ಮೆ ತೆರೆದರೆ, “ಬೆಳಗಿಂದ ಒಬ್ನೇ ನಿಂತಿದೀಯ ಜಾಲಿ, ಒಂದು ಲೋಟ ತಣ್ಣಗಾದ್ರೆ ಏನೀಗ” ಎಂಬ ಮಾತು ಬಂತಂತೆ. ಲೋಟ ಅಲ್ಲೇ ಇಟ್ಟು ನನ್ನ ಗಿರಣಿಗೆ ಬಂದ. ಕೈಯಿಂದ ಗಂಟಲು ಹಿಡಿದುಕೊಂಡಿದ್ದ. “ಹೊನ್ನೆ, ಅವತ್ತು ಸೀಗೆ ಕಟ್ಟೇಲಿ ಅಂದಿದ್ದು...” ಎಂದು ನಿಲ್ಲಿಸಿದ. ನಾನು ಉತ್ತರ ಹೇಳಲಾರೆ ಎಂದು ಈಗ ಅವನಿಗೆ ಗೊತ್ತಿತ್ತು. ರಾಗಿ ಚೀಲದ ಮೇಲೆ ಕುಸಿದು ಕೂತ. ನನಗೆ ಅವನ ಮೇಲೆ ಕನಿಕರವಾಯಿತು. ಒಳಗೊಳಗೇ ಸಂತೋಷವೂ ಆಯಿತು, ಸುಳ್ಳೇಕೆ ಹೇಳಲಿ.

ಮುಂದಿನ ಮಂಗಳವಾರ ಅವನು ನಾನಾಗಿ ಆಡಿದ ಮಾತನ್ನು ಊರು ಇವತ್ತಿಗೂ ಹೇಳುತ್ತದೆ. “ನಾನು ಹೊನ್ನೆ. ನಂದು ಅನ್ನೋದೆಲ್ಲ ಇನ್ನೊಬ್ರಿಗೆ ಬಿಟ್ಟುಕೊಟ್ಟೋಳು. ಸೈಕಲ್ ಬಿಟ್ಟೆ, ಕೋಣೆ ಬಿಟ್ಟೆ, ಗಂಡನಾಗೋನ್ನೂ ಬಿಟ್ಟೆ. ಒಳ್ಳೆಯೋಳು ಅಂತ ಎಲ್ರೂ ಅಂದ್ರು. ಒಳ್ಳೆಯೋಳು ಅನ್ನಿಸ್ಕೊಂಡು ಮನೆಗೆ ಬಂದ್ರೆ ಮನೆ ಖಾಲಿ. ಈ ಮಗು ನಿದ್ದೇಲಿ ನನ್ನ ಸೆರಗಿನ ಚುಂಗು ಹಿಡ್ಕಂತದೆ. ನಾನೊಬ್ಳಿದೀನಿ ಅಂತ ನಂಗೆ ಗೊತ್ತಾಗೋದು ಆವಾಗ್ಲೇ.” ನಾನು ಇದನ್ನು ಯಾರಿಗೂ ಹೇಳಿರಲಿಲ್ಲ. ಚುಂಗಿನ ವಿಷಯ ಅವನಿಗೆ ಸೀಗೆ ಹೇಳಿರಬೇಕು. ಉಳಿದದ್ದು ಬೆಲ್ಟು ಕೂರಿಸುತ್ತಾ ಕೂರಿಸುತ್ತಾ ಅವನಿಗೆ ಕಂಡಿರಬೇಕು. ನನ್ನದೇ ಬಾಳು ಇನ್ನೊಬ್ಬರ ಬಾಯಲ್ಲಿ ಹೀಗೆ ಬರುವುದನ್ನು ನಾನು ಕೇಳಿದ್ದು ಅದೇ ಮೊದಲು. ಬೇರೆಯವರಿಗೆ ನಾನು ಕೊಟ್ಟದ್ದು ಏನೆಂದು ಆಗ ತಿಳಿಯಿತು.

“ಬೇಲ, ಇನ್ನೂ ಬೇಕಾ?” ಎಂದಳು ಹುಣಸಜ್ಜಿ.

“ಬಿಟ್ಟೆ” ಎಂದ. ಬೆಳಗಿನ ಬಸ್ಸಿಗೆ ಹೊರಡುತ್ತೇನೆ ಎಂದೂ ಹೇಳಿದ.

ನಾನು ಗೆದ್ದಿದ್ದೆ. ಗೆದ್ದವರು ಏನು ಮಾಡುತ್ತಾರೆ ಎಂದು ನನಗೆ ಗೊತ್ತಿರಲಿಲ್ಲ. ಜನ ಏಳುವಷ್ಟರಲ್ಲಿ ಸೀಗೆ ಮತ್ತೆ ಎದ್ದು ನಿಂತಳು. ಮುಷ್ಟಿಯಲ್ಲಿ ಲಂಗದ ತುದಿ. “ನಂಗೆ ಚಿಕ್ಕವ್ವನೇ ಬೇಕು” ಎಂದಳು. “ಚಿಕ್ಕವ್ವ ಬಿಸಿ ಮುದ್ದೆ ಊದಿ ಊದಿ ಕೊಡ್ತಾಳೆ. ಚಿಕ್ಕವ್ವ ತಲೆ ಬಾಚಿದ್ರೆ ನೋಯಲ್ಲ. ಚಿಕ್ಕವ್ವ ಒಬ್ಳೇ ಸಾಕು, ಅಪ್ಪ ಹೋಗ್ಲಿ. ಅಪ್ಪ ನಾಳೆ ಹೋಗ್ಲಿ, ಬೆಳಗ್ಗೆ ಬಸ್ಸಿಗೇ ಹೋಗ್ಲಿ...” ಕೊನೆಗೆ ಮೂಗೆಳೆಯಲು ಶುರು ಮಾಡಿದಳು, ಥೇಟು ಅಕ್ಕನ ಹಾಗೆ.

ಬೇರೆ ಊರಿನ ಹೆಂಗಸಾಗಿದ್ದರೆ ಆ ಮಾತಿಗೆ ಎದ್ದು ಮಗುವನ್ನು ಎತ್ತಿ ಮುದ್ದಾಡುತ್ತಿದ್ದಳು. ನನಗೆ ಅದು ‘ಅಪ್ಪ ಹೋಗಬಾರದು’ ಎಂದೇ ಕೇಳಿಸಿತು. ಕಟ್ಟೆಯ ಜನ ತಲೆ ತಗ್ಗಿಸಿದರು. ಈ ಸಲ ಬೇಲನೂ ತಲೆ ತಗ್ಗಿಸಿದ. ಮುಖ ಎತ್ತಿದರೆ ಅದರಲ್ಲಿರುವ ಹಿಗ್ಗು ನನಗೆ ಕಾಣುತ್ತದೆಂದು ಅವನು ಹಾಗೆ ಮಾಡಿದ.

“ಹೊನ್ನೆ, ಇನ್ನೂ ಬೇಕಾ?” ಹುಣಸಜ್ಜಿಯ ಧ್ವನಿ ಮೆತ್ತಗಿತ್ತು. ಹುಳಿ ಮುಖದಲ್ಲಿ ಅಂಥ ಧ್ವನಿ ಇರುತ್ತದೆಂದು ನಾನು ಅಂದುಕೊಂಡಿರಲಿಲ್ಲ.

ಹಳೆಯ ಹೊನ್ನೆಯಾಗಿದ್ದರೆ ಅಲ್ಲೇ ‘ಬಿಟ್ಟೆ’ ಎನ್ನುತ್ತಿದ್ದೆ. ಅಂದು ಒಳ್ಳೆಯವಳಾಗಿ ಮನೆಗೆ ಹೋಗುತ್ತಿದ್ದೆ. “ಬೇಕು” ಎಂದೆ. ಆಮೇಲೆ, “ಅಜ್ಜಿ, ಹೊಸ ತಗಾದೆ ಐತೆ” ಎಂದೆ. “ಬೇಲ ಬಾವ ಊರು ಬಿಡಬಾರ್ದು ಅಂತ.” ಏನು ತಗಾದೆ ಎಂದು ಹೇಳಲು ಗಂಟಲು ಅಡ್ಡಿ ಮಾಡುವುದಿಲ್ಲ. ಕಾರಣ ಹೇಳಲು ಹೋದರೆ ಮಾತ್ರ ಕಟ್ಟುತ್ತದೆ.

“ಕತ್ತಲಾಗ್ತಾ ಐತೆ. ಬೇಗ ಬೇಗ ಆಡಿ ಮುಗ್ಸಿ” ಎಂದಳು ಅಜ್ಜಿ.

ಈಗ ನಾನು ಬೇಲನಾಗಿ, ಊರು ಬಿಟ್ಟು ಹೋಗಲೇಬೇಕು ಎಂದು ವಾದಿಸಬೇಕಿತ್ತು. ಜನ ಮತ್ತೆ ಕೂತರು, ನನ್ನ ಮಾತೆಂದರೆ ಎಲ್ಲರಿಗೂ ಇಷ್ಟ. “ನಾನು ಬೇಲ” ಎಂದೆ. “ನಾನು ಹೋಗ್ಬೇಕು. ಯಾಕಂದ್ರೆ... ಅಲ್ಲಿ ಲಾರಿ ಅದಾವೆ.” ಮುಂದೆ ಏನೂ ತೋಚಲಿಲ್ಲ. ಅವನ ಒಳಗೆ ಹೋಗಿ ಕೂರಲು ನೋಡಿದೆ, ಆಗಲಿಲ್ಲ, ನಾನು ನನ್ನಲ್ಲೇ ಕೂತಿದ್ದೆ. “ಲಾರಿ ಅದಾವೆ” ಎಂದು ಇನ್ನೊಂದು ಸಲ ಹೇಳಿದೆ. ಕೆಮ್ಮಿದೆ. ತೇಗ ಕಿಸಕ್ಕನೆ ನಕ್ಕ, ಅವನ ಹಿಂದೆ ಇಡೀ ಕಟ್ಟೆ ನಕ್ಕಿತು. ನಾನೂ ನಕ್ಕೆ.

ಬೇಲ ನಾನಾಗಿ ಮಾತಾಡಿದ. “ನಾನು ಹೊನ್ನೆ. ಬಾವ ಹೋದ್ರೆ ನಮ್ಮ ಗಿರಣಿ ಬೆಲ್ಟು ಕೂರಿಸೋರಿಲ್ಲ. ಗಿರಣಿ ಹಿಂದಿನ ಕೋಣೆ ಖಾಲಿ ಐತೆ, ಸೋರೋದು ಒಂದೇ ಕಡೆ, ಹಂಚು ತಿರುವಿದ್ರೆ ಸರಿಹೋಗ್ತದೆ. ಗಂಡ ಗಿಂಡ ಏನೂ ಆಗೋದು ಬೇಡ, ಸೀಗೆ ಅಪ್ಪ ಆಗಿ ಇದ್ರೆ ಸಾಕು. ಅಡುಗೆ ಸರದಿ ಕಲ್ತ್ಕೊಳ್ಳಿ. ನನ್ನ ಮಗುಗೆ ನಾನು ಬೇಕು, ನಿಜ. ಆದ್ರೆ ಅದು ನನ್ನ ಬಗ್ಗೆ ಇಷ್ಟು ಚೆನ್ನಾಗಿ ಮಾತಾಡ್ತಾ ಇದ್ರೆ ನಂಗೆ ತಡ್ಕಳ್ಳೋಕಾಗಲ್ಲ.” ಅಷ್ಟು ಹೊತ್ತಿಗೆ ಯಾರೂ ನಗುತ್ತಿರಲಿಲ್ಲ.

“ಬೇಲ, ಇನ್ನೂ ಹೋಗ್ಬೇಕಾ?”

ಅವನು ಸೀಗೆಯ ಕಡೆ ನೋಡಿದ. ಅವಳು ಎರಡೂ ಕೈಯಿಂದ ತನ್ನ ಬಾಯಿಯನ್ನು ಒತ್ತಿ ಹಿಡಿದುಕೊಂಡಿದ್ದಳು. ಮಾತು ಹೊರಬಿದ್ದರೆ ‘ಹೋಗು’ ಎಂದೇ ಬೀಳುತ್ತದೆಂದು ಅವಳಿಗೆ ಗೊತ್ತಿತ್ತು. ಉಸಿರು ಕಟ್ಟಿ ಕಣ್ಣು ಅಗಲವಾಗಿದ್ದವು.

“ಬಿಟ್ಟೆ” ಎಂದ ಬೇಲ.

ಶಾಲೆಯ ಕೋಣೆಯಿಂದ ಬೇಲನ ಚೀಲ ಎತ್ತಿಕೊಂಡು ಮೂವರೂ ಗಿರಣಿಯ ಕಡೆ ನಡೆದೆವು. ಇನ್ನು ಕೈ ತೆಗೆಯಬಹುದು ಕಣವ್ವ ಎಂದು ನಾನೂ ಹೇಳಿದೆ, ಬೇಲನೂ ಹೇಳಿದ. ಸೀಗೆ ನಂಬಲಿಲ್ಲ. ಹಿಂದಿನ ಕೋಣೆಯ ಬೀಗ ತೆಗೆದು ಅವನ ಚೀಲವನ್ನು ಒಳಗಿಡುವವರೆಗೂ ಬಾಯಿಂದ ಕೈ ತೆಗೆಯಲಿಲ್ಲ.